ಕೋಲಾರದ ದಾರಿಯಲ್ಲಿ ಜಾವಾ, ಯೆಜ್ಡಿ, ಬುಲೆಟ್

ಹಳೇ ಜಾವಾ ಬೈಕಿನ ಎಡಗಡೆ ಕಾಲಿಗೆ ಸಿಗುವುದು ಒಂದೇ ಲಿವರ್. ಅದನ್ನು ಇಂಜಿನ್ನಿನ ಕಡೆಗೆ ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ ಮೇಲೆ ನಿಲ್ಲಿಸಿದರೆ ಕಿಕ್ಕರ್. ಒದ್ದು ಇಂಜಿನ್ ಶುರುವಾದ ಮೇಲೆ ಮತ್ತೆ ಮುಂದಕ್ಕೆ ತಂದುಬಿಟ್ಟರೆ ಅದೇ ಗೇರ್. ಗೊತ್ತಿಲ್ಲದವರ ಕೈಗೆ ಕೀ ಕೊಟ್ಟರೆ ಕಿಕ್ಕರ್ ಎಲ್ಲಿದೆ ಎಂದು ಬಲಗಡೆ ಹುಡುಕಿ, ಎಡಗಡೆ ಹುಡುಕಿ, ಕೊನೆಗೆ ಮಾಲೀಕರ ಮುಖ ನೋಡುತ್ತಾರೆ. ಜೆಕೊಸ್ಲೊವಾಕಿಯಾದ ಎಂಜಿನಿಯರುಗಳು ಹಾಕಿದ ಈ ಲೆಕ್ಕಾಚಾರ ಅರವತ್ತು ವರ್ಷಗಳಿಂದ ಕನ್ನಡನಾಡಿನ ಎಷ್ಟೋ ಕಾಲುಗಳಿಗೆ ರೂಢಿಯಾಗಿಬಿಟ್ಟಿದೆ.

ಭಾನುವಾರ ಬೆಳಗಿನ ಹೊತ್ತು ಬೆಂಗಳೂರಿನಿಂದ ಹೊಸಕೋಟೆ, ನರಸಾಪುರ ದಾಟಿ ಕೋಲಾರದತ್ತ ಬರುವ ರಾಷ್ಟ್ರೀಯ ಹೆದ್ದಾರಿ 75ರ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಈ ಲಿವರಿನ ಗುಟ್ಟು ಬಲ್ಲವರು ಕಾಣಸಿಗುತ್ತಾರೆ. ಮರೂನ್ ಬಣ್ಣದ ಟ್ಯಾಂಕು, ಅದರ ಪಕ್ಕೆಗೆ ಕ್ರೋಮ್ ಹೊಳಪು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಹಿಂದೆ ತೆಳ್ಳಗೆ ನೀಲಿ ಹೊಗೆ. ಜಾವಾ, ಯೆಜ್ಡಿಗಳ ಬೆನ್ನಿಗೇ ಎರಕದ ಕಬ್ಬಿಣದ ಇಂಜಿನ್ನಿನ ಹಳೇ ಬುಲೆಟ್. ಅದರ ಹಿಂದೆ ಹಳೇ ರೂಪದಲ್ಲಿ ಹೊಸದಾಗಿ ತಯಾರಾದ ಟ್ರಯಂಫ್, ಹೊಸ ಜಾವಾ, ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್. ಕೆಲವರು ಕೋಲಾರದಲ್ಲೇ ಅಂತರಗಂಗೆ ಬೆಟ್ಟದ ಕಡೆ ತಿರುಗುತ್ತಾರೆ. ಹಸಿವು ತಡೆದುಕೊಳ್ಳಬಲ್ಲವರು ಮುಳಬಾಗಿಲಿನ ತನಕ ಹೋಗುತ್ತಾರೆ. ಅಲ್ಲಿ ತುಪ್ಪ ಸುರಿದು ಸುಡುವ ದಪ್ಪ ದೋಸೆ ಕಾದಿರುತ್ತದೆ.

ಯುರೋಪಿನ ಹಳೇ ಮಾದರಿಯ ಬೈಕುಗಳ ಮೇಲಿನ ಈ ಪ್ರೀತಿಯನ್ನು ದುಡ್ಡಿದ್ದವರ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ಷೋರೂಮುಗಳಲ್ಲಿನ ಇವತ್ತಿನ ಬೆಲೆ ನೋಡಿದರೆ ಆ ಮಾತಿನಲ್ಲಿ ಒಂದಷ್ಟು ಹುರುಳೂ ಇದೆ. ಕರ್ನಾಟಕದ ಮಟ್ಟಿಗೆ ಮಾತ್ರ ಈ ಕಥೆ ಶುರುವಾದದ್ದು ಮೈಸೂರಿನ ಒಂದು ಕಾರ್ಖಾನೆಯಲ್ಲಿ, ಬೆಳೆದದ್ದು ಸಣ್ಣ ಊರುಗಳ ಗ್ಯಾರೇಜುಗಳಲ್ಲಿ. ಬಿಚ್ಚಿ ಹರಡಿದರೆ ಕಣ್ಣಿಗೇ ಅರ್ಥವಾಗುವಂಥ ಯಂತ್ರ, ಪಕ್ಕದ ಬೀದಿಯ ಮೆಕ್ಯಾನಿಕ್ ಸರಿಮಾಡಬಲ್ಲ ಯಂತ್ರ ಎಂಬ ನಂಬಿಕೆಯೇ ಇಷ್ಟು ವರ್ಷ ಈ ಬೈಕುಗಳನ್ನು ಗುಜರಿಗೆ ಹೋಗದಂತೆ ಕಾಪಾಡಿದೆ.

ಜಾವಾ ಹುಟ್ಟಿದ್ದು 1929ರಲ್ಲಿ, ಜೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ. ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿಭಾಗವನ್ನು ಕೊಂಡುಕೊಂಡರು. ಅವರ ಮನೆತನದ ಹೆಸರಿನ (Janeček) ಮೊದಲೆರಡು ಅಕ್ಷರ, ವಾಂಡರರ್‌ನ (Wanderer) ಮೊದಲೆರಡು ಅಕ್ಷರ ಸೇರಿ ಜಾವಾ (JAWA) ಆಯಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ದೇಶವನ್ನು ಹಿಡಿದುಕೊಂಡಿದ್ದಾಗ ಕಾರ್ಖಾನೆಯ ಎಂಜಿನಿಯರುಗಳು ಗುಟ್ಟಾಗಿ 250 ಸಿಸಿಯ ಹೊಸ ಬೈಕೊಂದನ್ನು ರೂಪಿಸುತ್ತಿದ್ದರು. ಯುದ್ಧ ಮುಗಿದು, 1946ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಬಂದ, ಪೆರಾಕ್ ಎಂಬ ಹೆಸರಿನ ಆ ಬೈಕು ಚಿನ್ನದ ಪದಕ ಗೆದ್ದಿತು. ಯಾನೆಚೆಕ್ ಅದನ್ನು ನೋಡಲಿಲ್ಲ, 1941ರಲ್ಲೇ ತೀರಿಕೊಂಡಿದ್ದರು. ಪೆರಾಕ್‌ನ ವಂಶದಲ್ಲೇ 1954ರಲ್ಲಿ ಬಂದದ್ದು 353 ಎಂಬ ಮಾದರಿ. ನಮ್ಮೂರುಗಳಲ್ಲಿ ಹಿರಿಯರು ಜಾವಾ ಎಂದಾಗ ಕಣ್ಣ ಮುಂದೆ ಬರುವುದು ಇದೇ.

ಆಗ ಮುಂಬಯಿಯಲ್ಲಿ ಇರಾನಿ ಮನೆತನದವರು ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದರು. ಸರ್ಕಾರ ವಿದೇಶಿ ವಾಹನಗಳ ಆಮದಿಗೆ ತಡೆ ಹಾಕಿತು. ತರಿಸಿ ಮಾರುವುದು ಆಗದಿದ್ದರೆ ಇಲ್ಲೇ ಮಾಡೋಣ ಎಂದು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಹೊರಟರು. ಅವರು ಆರಿಸಿಕೊಂಡದ್ದು ಮೈಸೂರಿನ ಯಾದವಗಿರಿ. ಐಡಿಯಲ್ ಜಾವಾ ಕಂಪನಿ 1960ರಲ್ಲಿ ಶುರುವಾಗಿ 1961ರಲ್ಲಿ ಬೈಕುಗಳು ಹೊರಬಂದವು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಜೆಕೊಸ್ಲೊವಾಕಿಯಾದ ಪರವಾನಗಿ ಪಡೆದು, ಕ್ರಮೇಣ ಬಿಡಿಭಾಗಗಳನ್ನೆಲ್ಲ ಇಲ್ಲೇ ಮಾಡುವಷ್ಟು ಕೆಲಸ ಕಲಿತರು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ಪಟ್ಟಣದ ನೆನಪಿಗೆ ಇಟ್ಟ ಹೆಸರದು. 1978ರಲ್ಲಿ ಬಂದ ರೋಡ್‌ಕಿಂಗ್ 16 ಅಶ್ವಶಕ್ತಿಯ ಬೈಕು. ಆ ಕಾಲದ ಹುಡುಗರ ಮಟ್ಟಿಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ಈ ಬೈಕುಗಳನ್ನು ಪ್ರೀತಿಸುವವರು ಮೊದಲು ಹೇಳುವುದು ಅದರ ಶಬ್ದದ ಬಗ್ಗೆ. ಅದಕ್ಕೆ ಕಾರಣ ಇಂಜಿನ್ನಿನ ಒಳಗೇ ಇದೆ. ಜಾವಾದ್ದು ಟೂ ಸ್ಟ್ರೋಕ್ ಇಂಜಿನ್. 65 ಮಿಲಿಮೀಟರ್ ಅಗಲದ ಪಿಸ್ಟನ್ ಸಿಲಿಂಡರಿನಲ್ಲಿ 75 ಮಿಲಿಮೀಟರ್ ಮೇಲೆ ಕೆಳಗೆ ಓಡಾಡುತ್ತದೆ. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಪೆಟ್ರೋಲ್ ಒಂದು ಸಲ ಹೊತ್ತಿ ಉರಿಯುತ್ತದೆ. ಬುಲೆಟ್ಟಿನಂಥ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದೇ ಸಲ. ಹಾಗಾಗಿ ಒಂದೇ ವೇಗದಲ್ಲಿ ತಿರುಗುವಾಗ ಜಾವಾದ ಬಡಿತ ಬುಲೆಟ್ಟಿನ ಎರಡರಷ್ಟು ಚುರುಕು. ಅದರ ಜೊತೆಗೆ ಹೊಗೆ ಒಂದೇ ಸಿಲಿಂಡರಿನಿಂದ ಎರಡು ಕೊಳವೆಗಳಾಗಿ ಕವಲೊಡೆದು ಎರಡೂ ಪಕ್ಕ ಹೋಗುತ್ತದೆ. ಬೇರೆ ಟೂ ಸ್ಟ್ರೋಕ್ ಬೈಕುಗಳ ಕಿರುಚಲು ದನಿ ಇಲ್ಲಿಲ್ಲ. ತುಂಬಿದ, ತುಸು ಒಡೆದ ದನಿ. ಹಳೇ ಮೆಕ್ಯಾನಿಕ್‌ಗಳು ಬೀದಿಯ ತುದಿಯಲ್ಲಿ ಬೈಕು ತಿರುಗುವ ಹೊತ್ತಿಗೇ ಜಾವಾನೋ ರೋಡ್‌ಕಿಂಗೋ ಎಂದು ಹೇಳಿಬಿಡುವುದು ಇದರಿಂದಲೇ.

ಗೇರ್ ಬದಲಿಸುವಾಗ ಕ್ಲಚ್ ಹಿಡಿಯಲೇಬೇಕೆಂದಿಲ್ಲ ಎಂಬುದು ಹಳೇ ಜಾವಾದ ಇನ್ನೊಂದು ವಿಶೇಷ. ಗೇರ್ ಲಿವರನ್ನು ಕಾಲಿನಿಂದ ಒತ್ತಿದಾಗ ಅದೇ ಒಳಗಿನಿಂದ ಕ್ಲಚ್ಚನ್ನೂ ಬಿಡಿಸುತ್ತದೆ. ಹಿಂದಿನ ಚೈನ್ ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ ಇರುವುದರಿಂದ ಧೂಳು ತಾಗುವುದಿಲ್ಲ, ಪಂಚೆಯ ಅಂಚು ಸಿಕ್ಕಿಕೊಳ್ಳುವುದಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳ ಕೆಂಪು ಧೂಳಿನಲ್ಲಿ ದಿನಾ ಓಡಾಡುವ ಚೈನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕಿಲ್ಲ.

ಯುರೋಪಿನಿಂದ ಬಂದ ಇನ್ನೊಂದು ಬೈಕನ್ನು ಇವತ್ತಿನ ಕ್ಲಾಸಿಕ್ ಪ್ರೇಮಿಗಳು ಅಷ್ಟಾಗಿ ಮಾತಿಗೆ ತರುವುದಿಲ್ಲ. ಅದು ರಾಜ್‌ದೂತ್. ಪೋಲೆಂಡಿನ ಎಸ್‌ಎಚ್‌ಎಲ್ ಎಂ11 ಎಂಬ ಬೈಕಿನ ವಿನ್ಯಾಸವನ್ನು ತಂದು ಎಸ್ಕಾರ್ಟ್ಸ್ ಕಂಪನಿ 1960ರ ದಶಕದ ಆರಂಭದಲ್ಲಿ ಇದನ್ನು ತಯಾರಿಸತೊಡಗಿತು. ‘ಬಾಬಿ’ ಸಿನಿಮಾದಲ್ಲಿ ಅದರ ಪುಟ್ಟ ತಮ್ಮನಂಥ ಬೈಕು ಹೆಸರು ಮಾಡಿತು. ರಾಜ್‌ದೂತ್‌ನ ನಿಜವಾದ ಬದುಕು ಇದ್ದದ್ದು ದೇಶದ ಹಳ್ಳಿದಾರಿಗಳಲ್ಲಿ, ಎರಡೂ ಪಕ್ಕ ಹಾಲಿನ ಕ್ಯಾನು ನೇತುಹಾಕಿಕೊಂಡು. ರೇಷ್ಮೆ, ಹಾಲು, ಚಿನ್ನದ ನಾಡು ಎಂದು ಹೆಸರಾದ ಕೋಲಾರದಂಥ ಜಿಲ್ಲೆಗೆ ಅದು ಹೇಳಿ ಮಾಡಿಸಿದ ಗಾಡಿ. ಭಾರ ಎಳೆಯುವ ತಾಕತ್ತು, ಕೆಟ್ಟರೆ ರಸ್ತೆ ಬದಿಯಲ್ಲೇ ಬಿಚ್ಚಿ ಕಟ್ಟಬಹುದಾದ ಸರಳತೆ ಅದಕ್ಕಿತ್ತು. ಕ್ಲಾಸಿಕ್ ಬೈಕುಗಳ ಮೆರವಣಿಗೆಯಲ್ಲಿ ರಾಜ್‌ದೂತ್‌ಗೂ ಒಂದು ಜಾಗ ಸಿಗಬೇಕು. ಹೊಳೆಯುವ ಟ್ಯಾಂಕಿನ ಬೈಕುಗಳಿಗಿಂತ ಹೆಚ್ಚು ಮನೆಗಳನ್ನು ಅದು ಸಾಕಿದೆ.

ಇನ್ನು ಬುಲೆಟ್. ಇದರ ಬೇರು ಇಂಗ್ಲೆಂಡಿನ ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿಯಲ್ಲಿದೆ. ಗಡಿ ಕಾಯಲು ಗಟ್ಟಿ ಬೈಕು ಬೇಕೆಂದು 1950ರ ದಶಕದ ಆರಂಭದಲ್ಲಿ ಭಾರತೀಯ ಸೇನೆ 800 ಬುಲೆಟ್ 350 ಬೈಕುಗಳಿಗೆ ಬೇಡಿಕೆ ಸಲ್ಲಿಸಿತು. ಅದರ ಬಲದ ಮೇಲೆ 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ ಮೊದಲು ಬಿಡಿಭಾಗ ಜೋಡಿಸಿ, ಆಮೇಲೆ ಅಚ್ಚು, ಯಂತ್ರಗಳನ್ನೂ ತರಿಸಿಕೊಂಡು ಪೂರ್ತಿ ಇಲ್ಲೇ ಮಾಡತೊಡಗಿದರು. 1970ರ ಹೊತ್ತಿಗೆ ಇಂಗ್ಲೆಂಡಿನ ಮೂಲ ಕಂಪನಿ ಮುಚ್ಚಿಹೋಯಿತು. ಮದರಾಸಿನ ಮರಿ ಬದುಕಿತು. 1977ರಿಂದ ಅದೇ ಬುಲೆಟ್ ಮದರಾಸಿನಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗತೊಡಗಿತು. ಕೋಲಾರ, ಮುಳಬಾಗಿಲು ಮದರಾಸಿನ ಹೆದ್ದಾರಿಯ ಮೇಲೇ ಇರುವ ಊರುಗಳು. ಒಂದು ಕಡೆ ಮೈಸೂರಿನ ಜಾವಾ, ಇನ್ನೊಂದು ಕಡೆ ಮದರಾಸಿನ ಬುಲೆಟ್, ಎರಡರ ನಡುವೆ ಈ ಜಿಲ್ಲೆ.

ಹಳೇ ಬುಲೆಟ್ಟನ್ನು ಶುರುಮಾಡುವುದು ಒಂದು ವಿದ್ಯೆಯೇ. ಹೆಡ್‌ಲೈಟಿನ ಮೇಲ್ಭಾಗದಲ್ಲಿ ಆಂಪಿಯರ್ ಮೀಟರ್ ಇದೆ. ಕೀ ಹಾಕಿ, ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಹೋದರೆ ಅದರ ಮುಳ್ಳು ಒಂದು ಕಡೆ ವಾಲಿ, ಮತ್ತೆ ನಡುವಿಗೆ ಬರುತ್ತದೆ. ಆಗ ಎಡಗೈಯ ಹತ್ತಿರದ ಡಿಕಂಪ್ರೆಸರ್ ಎಳೆದು ಹಿಡಿದು ಕಿಕ್ಕರನ್ನು ಇನ್ನೊಂದು ಚೂರು ಮುಂದಕ್ಕೆ ಒತ್ತಬೇಕು. ಸಿಲಿಂಡರಿನೊಳಗೆ ಒತ್ತಿಕೊಂಡಿದ್ದ ಗಾಳಿ ಉಸ್ಸೆಂದು ಹೊರಹೋಗಿ ಪಿಸ್ಟನ್ ತುದಿ ದಾಟುತ್ತದೆ. ಡಿಕಂಪ್ರೆಸರ್ ಬಿಟ್ಟು, ಕಿಕ್ಕರನ್ನು ಮೇಲೆ ತಂದು, ಈಗ ಮೈಯ ಭಾರವನ್ನೆಲ್ಲ ಬಿಟ್ಟು ಒಂದೇ ಒದೆತ. ಕ್ರಮ ತಪ್ಪಿದರೆ ಇಂಜಿನ್ ಉಲ್ಟಾ ತಿರುಗಿ ಕಿಕ್ಕರ್ ಕಾಲಿಗೆ ವಾಪಸ್ ಹೊಡೆಯುತ್ತದೆ. ಆ ಏಟು ತಿಂದವರು ಮುಂದೆ ಮುಳ್ಳು ನೋಡದೆ ಒದೆಯುವುದಿಲ್ಲ. ಮೇಲಾಗಿ ಹಳೇ ಬುಲೆಟ್ಟಿನ ಗೇರ್ ಬಲಗಡೆ, ಬ್ರೇಕ್ ಎಡಗಡೆ. ಬೇರೆ ಬೈಕು ಓಡಿಸಿ ಬಂದು ಹತ್ತಿದವರು ಮೊದಲ ಅರ್ಧ ಗಂಟೆ ಮೈಯೆಲ್ಲ ಕಣ್ಣಾಗಿರಬೇಕು.

ಶುರುವಾದ ಮೇಲೆ ಬರುವ ಆ ‘ಡುಗ್ ಡುಗ್’ ಶಬ್ದಕ್ಕೂ ಲೆಕ್ಕವಿದೆ. 346 ಸಿಸಿಯ ಹಳೇ ಇಂಜಿನ್ನಿನಲ್ಲಿ ಪಿಸ್ಟನ್ 70 ಮಿಲಿಮೀಟರ್ ಅಗಲ, ಓಡಾಟ 90 ಮಿಲಿಮೀಟರ್. ಉದ್ದ ಓಡಾಟ, ಭಾರದ ಫ್ಲೈವೀಲ್, ನಿಧಾನದ ತಿರುಗುವಿಕೆ ಸೇರಿ ಪ್ರತಿ ಬಡಿತವೂ ಬೇರೆಬೇರೆಯಾಗಿ ಕೇಳುತ್ತದೆ. ಈಗಿನ ಸಣ್ಣ ಬೈಕುಗಳಲ್ಲಿ ಇಂಜಿನ್ ವೇಗವಾಗಿ ತಿರುಗುವುದರಿಂದ ಬಡಿತಗಳು ಒಂದಕ್ಕೊಂದು ಬೆಸೆದು ಬರೀ ಗುಂಯ್‌ಗುಡುವಿಕೆ ಉಳಿಯುತ್ತದೆ.

ಜಾವಾ, ಬುಲೆಟ್‌ಗಳಿಗಿಂತ ಮೊದಲು ಬಂದವೂ ಇವೆ. ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ ಕಂಪನಿ ಎರಡನೇ ಮಹಾಯುದ್ಧದ ಸೇನೆಗಾಗಿ ಒಂದು ಲಕ್ಷಕ್ಕೂ ಹೆಚ್ಚು ಎಂ20 ಬೈಕುಗಳನ್ನು ಮಾಡಿತ್ತು. ಯುದ್ಧ ಮುಗಿದ ಮೇಲೆ ಇಂಥವೆಷ್ಟೋ ಭಾರತದಲ್ಲೇ ಉಳಿದು ಜನರ ಕೈಸೇರಿದವು. 1975ರ ‘ಶೋಲೆ’ಯಲ್ಲಿ ಜೈ, ವೀರು ಪಕ್ಕಕ್ಕೆ ತೊಟ್ಟಿಲು ಕಟ್ಟಿಕೊಂಡು ಓಡಿಸುವ ಬೈಕು ಅದೇ ಜಾತಿಯದ್ದು. ಆ ಸಿನಿಮಾದ ರಾಮಗಡ ನಮ್ಮ ರಾಮನಗರವೇ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಎಂಬತ್ತರ ದಶಕದಲ್ಲಿ ಗಾಳಿ ತಿರುಗಿತು. ಜಪಾನಿನ ಕಂಪನಿಗಳು ಭಾರತದವರ ಜೊತೆ ಕೈಜೋಡಿಸಿ 100 ಸಿಸಿ ಬೈಕು ತಂದವು. 1985ರಲ್ಲಿ ಹೀರೊ ಹೊಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಹಗುರ, ಚುರುಕು, ಹೀರೊ ಹೊಂಡಾ ಅಂತೂ ಲೀಟರಿಗೆ ಕೊಡುತ್ತಿದ್ದ ಮೈಲೇಜ್ ಯೆಜ್ಡಿ ಓಡಿಸುವವರ ಕನಸಿನಲ್ಲೂ ಇರಲಿಲ್ಲ. ಹೊಗೆಯ ನಿಯಮಗಳೂ ಬಿಗಿಯಾಗುತ್ತ ಬಂದವು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯಾದವಗಿರಿಯ ಶಿಫ್ಟಿನ ಮೇಲೆ ಸಂಸಾರ ನಡೆಸಿದ್ದ ನೂರಾರು ಕುಟುಂಬಗಳಿಗೆ ಅದು ದೊಡ್ಡ ಪೆಟ್ಟು. ಕಾರ್ಖಾನೆ ಮುಚ್ಚಿದ ಬೈಕು ಹತ್ತು ವರ್ಷದಲ್ಲಿ ರಸ್ತೆಯಿಂದ ಮಾಯವಾಗುವುದು ವಾಡಿಕೆ. ಜಾವಾ, ಯೆಜ್ಡಿಗಳ ವಿಷಯದಲ್ಲಿ ಹಾಗಾಗಲಿಲ್ಲ.

ಹಾಗಾಗದಂತೆ ತಡೆದವರು ಮೆಕ್ಯಾನಿಕ್‌ಗಳು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಓಡಾಡುವ ಭಾಗಗಳು ಬೆರಳೆಣಿಕೆಯಷ್ಟು. ಪಿಸ್ಟನ್ ಸವೆದು ಬೈಕು ಎಳೆಯದೆ ಹೋದರೆ ಸಿಲಿಂಡರ್ ಬಿಚ್ಚಿ ಲೇತಿನವರ ಹತ್ತಿರ ಒಯ್ಯುತ್ತಾರೆ. ಅವರು ಒಳಗೋಡೆಯನ್ನು ಕೊರೆದು, ಅಗಲವನ್ನು ಕಾಲು ಮಿಲಿಮೀಟರಿನಷ್ಟು ಹೆಚ್ಚಿಸಿ ನುಣುಪು ಮಾಡಿಕೊಡುತ್ತಾರೆ. 65ರ ಜಾಗದಲ್ಲಿ 65.25ರ ಪಿಸ್ಟನ್ ಕೂರುತ್ತದೆ. ಇನ್ನಷ್ಟು ವರ್ಷ ಕಳೆದರೆ 65.50. ಹೀಗೆ ಒಂದೇ ಸಿಲಿಂಡರ್ ಹಲವು ಸಲ ಮರುಹುಟ್ಟು ಪಡೆಯುತ್ತದೆ. ಕಿಡಿ ಸರಿಯಾಗಿ ಬರುತ್ತಿಲ್ಲವೆಂದರೆ ಪಾಯಿಂಟ್ ನೋಡಬೇಕು: ಎರಡು ಪುಟ್ಟ ಲೋಹದ ಗುಂಡಿಗಳು, ಅವು ತೆರೆದಾಗ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಮೆಕ್ಯಾನಿಕ್ ಅದರ ಮೇಲೆ ಎಮರಿ ಕಾಗದ ಎಳೆದು, ಸಂದು ಹೊಂದಿಸಿ, ಒದ್ದು ನೋಡುತ್ತಾನೆ. ಸೈಲೆನ್ಸರ್ ಒಳಗೆ ಮಸಿ ಕಟ್ಟಿ ಉಸಿರುಗಟ್ಟಿದರೆ ಅದನ್ನು ಬಿಚ್ಚಿ ಬೆಂಕಿಯಲ್ಲಿ ಸುಟ್ಟು ಕೊಡವುತ್ತಾರೆ. ಇದಕ್ಕೆಲ್ಲ ಕಂಪ್ಯೂಟರ್ ಬೇಡ. ಸ್ಪ್ಯಾನರ್, ಕಿವಿ, ಬೆರಳು ಸಾಕು.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು. ಕಾರ್ಖಾನೆ ಮುಚ್ಚಿದಾಗ ಉಳಿದಿದ್ದ ಮಾಲು ಕೈಯಿಂದ ಕೈಗೆ ದಾಟಿ ಬಂದು ಇನ್ನೂ ಅಲ್ಲಲ್ಲಿ ಸಿಗುತ್ತದೆ. ಅಲ್ಲೂ ಇಲ್ಲದ್ದನ್ನು ಚೆಕ್ ಗಣರಾಜ್ಯದಿಂದ ತರಿಸಿಕೊಳ್ಳುವವರಿದ್ದಾರೆ. ಅಲ್ಲಿನ ಜಾವಾ ಪ್ರೇಮಿಗಳು, ಇಲ್ಲಿನವರು ಬಿಡಿಭಾಗದ ನೆಪದಲ್ಲಿ ಬಂಧುಗಳಾಗಿದ್ದಾರೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಬೆಂಗಳೂರು ಜಾವಾ ಯೆಜ್ಡಿ ಮೋಟಾರ್‌ಸೈಕಲ್ ಕ್ಲಬ್ಬಿನಂಥ ಗುಂಪುಗಳು ಆ ದಿನ ಬೈಕುಗಳನ್ನು ಸಾಲಾಗಿ ನಿಲ್ಲಿಸುತ್ತವೆ. ಕಿಕ್ಕರ್ ತಿರುಗಿಸಿ ತೋರಿಸುವ ಅಜ್ಜಂದಿರು, ಮೊದಲ ಸಲ ಒದ್ದು ನೋಡುವ ಮೊಮ್ಮಕ್ಕಳು ಅಲ್ಲಿ ಒಟ್ಟಿಗೇ ಸಿಗುತ್ತಾರೆ.

ಹಳೇ ಬೈಕಿಗೆ ಕೋಲಾರ ಜಿಲ್ಲೆ ಒಗ್ಗುವ ನಾಡು. ಮಳೆ ಕಡಿಮೆ, ಹವೆ ಒಣ. ಕರಾವಳಿಯಲ್ಲಿ ಕ್ರೋಮ್ ತಿಂದುಹಾಕುವ ಉಪ್ಪುಗಾಳಿ ಇಲ್ಲಿಲ್ಲ. ಬೆಟ್ಟಗಳು ಇವೆ, ಆದರೆ ಇಂಜಿನ್ ಕಾಯಿಸಿ ಸುಸ್ತುಮಾಡುವಂಥ ಉದ್ದ ಏರುಗಳಿಲ್ಲ. ಮುಖ್ಯವಾಗಿ, ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಹಳೇ ಬೈಕಿನ ವೇಗಕ್ಕೆ ಸರಿಹೋಗುವ ರಸ್ತೆಗಳು. ಜಾವಾ ಅರವತ್ತು ಕಿಲೋಮೀಟರ್ ವೇಗದಲ್ಲಿ ಸುಖವಾಗಿ ಹೋಗುತ್ತದೆ, ಅದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ. ಆರು ಪಥದ ರಸ್ತೆಯಲ್ಲಿ ಬೆನ್ನಿಗೆ ಲಾರಿಗಳು ಹಾರನ್ ಹೊಡೆಯುವಾಗ ಅರವತ್ತು ಎಂದರೆ ಪ್ರಾಣಸಂಕಟ. ಅದೇ ಮುಳಬಾಗಿಲಿನಿಂದ ಕುರುಡುಮಲೆ ಗಣಪತಿಯ ಕಡೆಗೋ, ಆವನಿಯ ಬೆಟ್ಟದ ಬುಡದ ರಾಮಲಿಂಗೇಶ್ವರನ ಕಡೆಗೋ ಹೋಗುವ ದಾರಿಯಲ್ಲಿ ಅರವತ್ತೂ ಬೇಕಿಲ್ಲ.

ಶ್ರೀನಿವಾಸಪುರದ ದಾರಿ ಬೇರೆ ಥರ. ಕೋಲಾರ ಬಿಟ್ಟು ಉತ್ತರಕ್ಕೆ ಹೋದಂತೆ ಮಾವಿನ ತೋಪುಗಳು ಶುರುವಾಗುತ್ತವೆ. ಮೇ, ಜೂನ್ ತಿಂಗಳಲ್ಲಿ ಮಾವಿನ ಲಾರಿ, ಟ್ರ್ಯಾಕ್ಟರುಗಳ ಸಾಲಿನಲ್ಲಿ ಬೈಕು ತೂರಿಸುವುದೇ ಕಷ್ಟ; ಉಳಿದ ಕಾಲದಲ್ಲಿ ರಾಯಲ್ಪಾಡಿನ ತನಕ, ಇನ್ನೂ ಮುಂದೆ ಆಂಧ್ರದ ಮದನಪಲ್ಲಿಯ ತನಕ ಆರಾಮವಾಗಿ ಹೋಗಬಹುದು. ಮಾಲೂರು ತಾಲ್ಲೂಕಿನಲ್ಲಿ ಟೇಕಲ್ ಬಂಡೆಬೆಟ್ಟಗಳು, ಚಿಕ್ಕತಿರುಪತಿ, ಮಾಸ್ತಿ. ಎಲ್ಲವೂ ಒಂದು ಟ್ಯಾಂಕ್ ಪೆಟ್ರೋಲಿನಲ್ಲಿ ಸುತ್ತಿ ಬರಬಹುದಾದ ಊರುಗಳು. ಹೊಸಕೋಟೆಯಿಂದ ಮಾಲೂರು, ಕೆಜಿಎಫ್ ಕಡೆಗೆ ಸಾಗುವ ಹೊಸ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಹಳೇ ಬೈಕಿನವರಿಗೆ ಅದರಿಂದ ನಷ್ಟವೇನೂ ಆಗಿಲ್ಲ.

ಹೀಗೆ ಹೊರಡುವವರ ಬ್ಯಾಗಿನಲ್ಲಿ ಕೆಲವು ವಸ್ತು ಖಾಯಂ. ಒಂದು ಹೆಚ್ಚುವರಿ ಪ್ಲಗ್, ಪ್ಲಗ್ ಬಿಚ್ಚುವ ಸ್ಪ್ಯಾನರ್, ಕ್ಲಚ್ ಕೇಬಲ್, ಒಂದು ತುಂಡು ಎಮರಿ ಕಾಗದ, ಪುಟ್ಟ ಬಾಟಲಿಯಲ್ಲಿ ಟೂ ಟಿ ಆಯಿಲ್. ಜಾವಾದ ಪಿಸ್ಟನ್ನಿಗೆ ಎಣ್ಣೆ ತಲುಪುವುದು ಪೆಟ್ರೋಲಿನ ಮೂಲಕವೇ. ಲೀಟರಿಗೆ 40 ಮಿಲಿಲೀಟರ್ ಲೆಕ್ಕದಲ್ಲಿ ಬೆರೆಸುವುದು ಹಳಬರ ರೂಢಿ. ಮರೆತರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ‘ಸೀಜ್’ ಆಗುತ್ತದೆ. ಪಲಮನೇರು ದಾಟಿ ಮೊಗಿಲಿ ಘಾಟಿನ ಇಳಿಜಾರಿಗೆ ಇಳಿಯುವವರಿಗೆ ಅನುಭವಸ್ಥರು ಒಂದು ಎಚ್ಚರಿಕೆ ಕೊಡುತ್ತಾರೆ: ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೂ ಇಳಿಯಬಾರದು, ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತಂತೆ, ನಡುನಡುವೆ ಒಂದಿಷ್ಟು ಕೊಡುತ್ತಿರಬೇಕು. ಇನ್ನು ಹಳೇ 6 ವೋಲ್ಟಿನ ಹೆಡ್‌ಲೈಟು ಕೊಡುವ ಬೆಳಕು ಅಷ್ಟಕ್ಕಷ್ಟೆ. ಕತ್ತಲಾಗುವ ಮುಂಚೆ ಮನೆ ಸೇರುವುದೇ ಕ್ಷೇಮ.

ಮಾಲೂರಿನಿಂದ ದಕ್ಷಿಣಕ್ಕೆ ಒಂದು ತಾಸಿನ ದಾರಿಯಲ್ಲಿ ತಮಿಳುನಾಡಿನ ಹೊಸೂರು. ಅಲ್ಲಿರುವ ಟಿವಿಎಸ್ ಕಂಪನಿ 2013ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಜೊತೆ ಒಪ್ಪಂದ ಮಾಡಿಕೊಂಡು, ಆ ಕಂಪನಿಯ 310 ಸಿಸಿ ಬೈಕುಗಳನ್ನು ಹೊಸೂರಿನಲ್ಲೇ ತಯಾರಿಸಿ ಜಗತ್ತಿಗೆ ಕಳಿಸಿತು. 2020ರ ಏಪ್ರಿಲ್‌ನಲ್ಲಿ ಅದೇ ಟಿವಿಎಸ್ 1.6 ಕೋಟಿ ಪೌಂಡ್ ಕೊಟ್ಟು ಇಂಗ್ಲೆಂಡಿನ ನಾರ್ಟನ್ ಕಂಪನಿಯನ್ನು ಕೊಂಡಿತು. ನಾರ್ಟನ್ 1898ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಹೆಸರು, ರೇಸ್ ಪ್ರಿಯರ ಪಾಲಿಗೆ ಪೂಜ್ಯ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2013ರಿಂದ ಹೊಂಡಾದ ದೊಡ್ಡ ಕಾರ್ಖಾನೆ ನಡೆಯುತ್ತಿದೆ. ಜಿಲ್ಲೆಯ ಎಷ್ಟೋ ಹುಡುಗರ ಮೊದಲ ಸಂಬಳ ದ್ವಿಚಕ್ರ ವಾಹನದಿಂದಲೇ ಬಂದದ್ದು. ಅಂದರೆ ಈ ಸೀಮೆಯವರಿಗೆ ಬೈಕು ಕೊಳ್ಳುವ ವಸ್ತು ಮಾತ್ರವಾಗಿ ಉಳಿದಿಲ್ಲ, ಮಾಡುವ ಕೆಲಸವೂ ಆಗಿದೆ.

ಹಳೇ ರೂಪದ ಹೊಸ ಬೈಕುಗಳ ಅಲೆ ಎದ್ದದ್ದು ಈ ಹದಿನೈದು ವರ್ಷಗಳಲ್ಲಿ. ರಾಯಲ್ ಎನ್‌ಫೀಲ್ಡ್ 2009ರಲ್ಲಿ ಕ್ಲಾಸಿಕ್ ತಂದಿತು. 2018ರಲ್ಲಿ ಅವಳಿ ಸಿಲಿಂಡರಿನ ಇಂಟರ್‌ಸೆಪ್ಟರ್, ಕಾಂಟಿನೆಂಟಲ್ ಜಿಟಿ ಬಂದವು. ಕಾಂಟಿನೆಂಟಲ್ ಜಿಟಿಯ ಬಾಗಿದ ಭಂಗಿಗೆ ಮೂಲ ಲಂಡನ್ನಿನ ಏಸ್ ಕೆಫೆಯಂಥ ಜಾಗಗಳು. ಐವತ್ತು, ಅರವತ್ತರ ದಶಕದಲ್ಲಿ ಅಲ್ಲಿನ ಯುವಕರು ಕೆಫೆಯಿಂದ ಕೆಫೆಗೆ ಪಂದ್ಯ ಕಟ್ಟಿ ಓಡಿಸಲು ಹ್ಯಾಂಡಲ್ ತಗ್ಗಿಸಿ, ಬೇಡದ ಭಾರ ಕಳಚಿ ಬೈಕು ಸಿದ್ಧಮಾಡುತ್ತಿದ್ದರು. 2018ರ ನವೆಂಬರಿನಲ್ಲಿ ಜಾವಾ ಮರಳಿತು. ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಅದನ್ನು ತಂದಿತು. ಅದರ ಪಾಲುದಾರರಲ್ಲಿ ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯೂ ಒಬ್ಬರು. ಅದೇ ಕಂಪನಿಯಿಂದ 2022ರ ಜನವರಿಯಲ್ಲಿ ಯೆಜ್ಡಿ, 2024ರ ಆಗಸ್ಟ್‌ನಲ್ಲಿ ಬಿಎಸ್‌ಎ ಗೋಲ್ಡ್ ಸ್ಟಾರ್ ಬಂದವು. ಟ್ರಯಂಫ್ ಕಂಪನಿ 2023ರ ಜುಲೈನಲ್ಲಿ ಬಜಾಜ್ ಜೊತೆಗೂಡಿ ಸ್ಪೀಡ್ 400 ತಂದು, ತನ್ನ ಹೆಸರನ್ನು ಮಧ್ಯಮ ವರ್ಗದ ಕೈಗೆಟುಕುವಂತೆ ಮಾಡಿತು.

ಇವು ಒಳ್ಳೇ ಬೈಕುಗಳೇ. ಬ್ರೇಕ್ ಹಿಡಿದರೆ ನಿಲ್ಲುತ್ತವೆ, ಬೆಳಗ್ಗೆ ಬಟನ್ ಒತ್ತಿದರೆ ಶುರುವಾಗುತ್ತವೆ, ಹೊಗೆ ಕಾಣುವುದಿಲ್ಲ. ಹೊಸ ಜಾವಾದ 293 ಸಿಸಿ ಇಂಜಿನ್ ನೀರಿನಿಂದ ತಣಿಯುವಂಥದ್ದು. ಆದರೂ ಹಳೇ ನೋಟ ಉಳಿಯಲೆಂದು ಸಿಲಿಂಡರಿಗೆ ಗಾಳಿಗೆ ತಣಿಯುವ ಇಂಜಿನ್ನಿನಂತೆ ರೆಕ್ಕೆಗಳನ್ನು ಕೊಟ್ಟಿದ್ದಾರೆ. ಟ್ರಯಂಫ್ ಬಾನ್‌ವಿಲ್‌ನಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಭಾಗವನ್ನೇ ಹಳೇ ಕಾರ್ಬೊರೇಟರಿನ ಆಕಾರದಲ್ಲಿ ಕೂರಿಸಿದರು. ಕಣ್ಣಿಗೆ ಹಬ್ಬ, ಸರಿ. ಆದರೆ ಕೆಟ್ಟಾಗ ಸೆನ್ಸರ್ ಓದಲು ಕಂಪನಿಯ ಸರ್ವಿಸ್ ಸೆಂಟರೇ ಬೇಕು. ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನಲ್ಲಿ ಬಗೆಹರಿಯುವುದಿಲ್ಲ. ಹಳೇ ಜಾವಾದಲ್ಲಿ ಬೆಲೆಬಾಳುತ್ತಿದ್ದುದು ಮಾಲೀಕನ, ಮೆಕ್ಯಾನಿಕ್‌ನ ತಿಳಿವಳಿಕೆ. ಅದನ್ನು ಹೊಸ ಬೈಕಿನ ಜೊತೆ ಷೋರೂಮಿನವರು ಕೊಡಲಾರರು. ಪಾಯಿಂಟ್ ಸೆಟ್ ಮಾಡಬಲ್ಲ, ಪಿಸ್ಟನ್ ಕೂರಿಸಬಲ್ಲ ಕೈಗಳಿಗೆ ವಯಸ್ಸಾಗುತ್ತಿದೆ. ಜಿಲ್ಲೆಯ ಐಟಿಐಗಳಲ್ಲಿ ಈ ಕೈಗಳಿಂದ ನಾಲ್ಕು ಪಾಠ ಹೇಳಿಸಿದರೆ ಬೈಕು ಪ್ರೇಮಿಗಳಿಗಿಂತ ಹೆಚ್ಚಾಗಿ ಹುಡುಗರಿಗೆ ಲಾಭ. ಇಂಜಿನ್ ಅಂದರೇನು ಎಂಬುದನ್ನು ಕೈಯಾರೆ ಮುಟ್ಟಿ ಕಲಿಯಲು ಇಷ್ಟು ಸರಳವಾದ ಯಂತ್ರ ಬೇರೆ ಸಿಗುವುದಿಲ್ಲ.

ಮುಚ್ಚಿಡಬಾರದ ಸಂಗತಿಯೊಂದಿದೆ. ಟೂ ಸ್ಟ್ರೋಕ್ ಇಂಜಿನ್ ಗಾಳಿಯನ್ನು ಕೆಡಿಸುತ್ತದೆ. ಹೊಗೆ ಹೊರಹೋಗುವ ದಾರಿ, ಹೊಸ ಪೆಟ್ರೋಲ್ ಒಳಬರುವ ದಾರಿ ಒಂದೇ ಹೊತ್ತಿಗೆ ತೆರೆದಿರುವುದರಿಂದ ಸುಡದ ಪೆಟ್ರೋಲ್, ಎಣ್ಣೆ ಒಂದಿಷ್ಟು ಹಾಗೇ ಹೊರಬೀಳುತ್ತವೆ. ಊರಿನ ಎಲ್ಲರೂ ದಿನಾ ಇದನ್ನೇ ಓಡಿಸಿದರೆ ಉಸಿರಾಡುವುದು ಕಷ್ಟ. ಭಾನುವಾರಕ್ಕೊಮ್ಮೆ ಹೊರತೆಗೆದು ಒಂದು ಸುತ್ತು ಹೋಗಿ ಬಂದು ಒರೆಸಿ ಇಡುವವರ ಕೈಯಲ್ಲಿ ಇವು ಇರುವುದೇ ಸರಿ. ಇತ್ತೀಚೆಗೆ ಬಂಕುಗಳಲ್ಲಿ ಸಿಗುವ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಕೂಡ ಇವರಿಗೆ ಹೊಸ ತಲೆನೋವು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಬೈಕು ವಾರಗಟ್ಟಲೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಕೂತು ತುಕ್ಕು ಹಿಡಿಯುತ್ತದೆ, ಹಳೇ ರಬ್ಬರ್ ಕೊಳವೆ, ವಾಷರ್‌ಗಳು ಮೆತ್ತಗಾಗುತ್ತವೆ. ತಿಳಿದವರು ಈಗ ಬೈಕು ನಿಲ್ಲಿಸುವ ಮುಂಚೆ ಟ್ಯಾಂಕ್ ಖಾಲಿಮಾಡಿ, ಕಾರ್ಬೊರೇಟರ್ ಒಣಗಿಸಿ ಇಡುತ್ತಾರೆ; ರಬ್ಬರ್ ಕೊಳವೆಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸುತ್ತಾರೆ.

ಅಜ್ಜನ ಕಾಲದ ಬೈಕು ಕೊಟ್ಟಿಗೆಯಲ್ಲಿ ನಿಂತಿದ್ದರೆ ಮೊದಲು ಹುಡುಕಬೇಕಾದದ್ದು ಆರ್‌ಸಿ. ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರಿನ ಪುಸ್ತಕವಾದರೂ ಸರಿ, ಅದರಲ್ಲಿರುವ ಇಂಜಿನ್ ನಂಬರ್, ಚಾಸಿಸ್ ನಂಬರ್ ಬೈಕಿನ ಮೇಲೆ ಕೆತ್ತಿದ್ದಕ್ಕೆ ತಾಳೆಯಾಗಬೇಕು. ಬಣ್ಣ ಬಳಿಯುವ ಉತ್ಸಾಹದಲ್ಲಿ ನಂಬರ್ ಕೆತ್ತಿದ ಜಾಗವನ್ನು ಉಜ್ಜಿಬಿಟ್ಟರೆ ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಉತ್ತರ ಹೇಳುವುದು ಕಷ್ಟ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆಂದೇ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪ ಬದಲಿಸದ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ಹೊಸ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷ ಬಾಳಿಕೆ, ಮರುನೋಂದಣಿಗೆ 5,000. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥ ಕೆಲಸಗಳಿಗೆ ಬಿಟ್ಟರೆ ದಿನನಿತ್ಯದ ಓಡಾಟಕ್ಕೆ ಅದನ್ನು ರಸ್ತೆಗೆ ಇಳಿಸುವಂತಿಲ್ಲ. ಮಾಲೂರಿನಿಂದ ಮುಳಬಾಗಿಲಿಗೆ ದೋಸೆ ತಿನ್ನಲು ಹೋಗಬೇಕೆಂದಿದ್ದರೆ ಆ ನಂಬರ್ ಬೇಡ, ಮಾಮೂಲಿ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುವುದು ಒಳ್ಳೆಯದು. ಮೈಸೂರಿನಲ್ಲಿ ತಯಾರಾದ ಜಾವಾಗಳೆಲ್ಲ ಈಗಾಗಲೇ ಐವತ್ತು ದಾಟಿವೆ. 1978ರ ಮೊದಲ ರೋಡ್‌ಕಿಂಗ್‌ಗಳ ಸರದಿ 2028ಕ್ಕೆ ಬರುತ್ತದೆ.